ಐದು ನಿಮಿಷ ಸುಮ್ಮನೆ ಕೂರುವುದು: ರಾಯಚೂರು ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಧ್ಯಾನದ ಅಭ್ಯಾಸ ಶುರು ಮಾಡಲು ಸಮಗ್ರ ಮಾರ್ಗದರ್ಶಿ

ದೇವದುರ್ಗ, ಮಾನ್ವಿ ಕಡೆ ಹತ್ತಿ ಬಿಡಿಸುವ ಕಾಲದಲ್ಲಿ ಆರನೇ ತರಗತಿಯ ಬಾಗಿಲಲ್ಲಿ ನಿಂತು ನೋಡಿ. ಹಾಜರಿ ಪುಸ್ತಕದ ಅರ್ಧ ಹೆಸರುಗಳು ಹೊಲದಲ್ಲಿರುತ್ತವೆ. ಬಂದವರಲ್ಲಿ ಒಬ್ಬಳು ಬೆಳಗಿನ ಜಾವವೇ ಎದ್ದು ನೀರು ತಂದು, ತಮ್ಮನನ್ನು ಅಂಗನವಾಡಿಗೆ ಬಿಟ್ಟು ಬಂದಿರುತ್ತಾಳೆ. ಇನ್ನೊಬ್ಬನ ತಂದೆತಾಯಿ ಬೆಂಗಳೂರಿಗೆ ಗುಳೆ ಹೋಗಿ ತಿಂಗಳುಗಳಾಗಿವೆ, ಅವನಿರುವುದು ಅಜ್ಜಿಯ ಜೊತೆ. ಇಂಥ ಮಕ್ಕಳ ಮುಂದೆ ಪಾಠ ಶುರು ಮಾಡುವ ಮೊದಲು ಐದು ನಿಮಿಷ ಬಿಡುವು ಕೊಟ್ಟರೆ ಅವರ ಮೈಮನಸ್ಸು ಕೋಣೆಯೊಳಗೆ ಬಂದು ಸೇರುತ್ತದೆ. ಈ ಬರಹ ಆ ಐದು ನಿಮಿಷವನ್ನು ಕಟ್ಟುವುದು ಹೇಗೆ ಎಂಬುದರ ಬಗ್ಗೆ. ಸ್ವಯಂಸೇವಾ ಗುಂಪುಗಳಿಗೆ, ಆಸಕ್ತ ಶಿಕ್ಷಕರಿಗೆ, ಎಸ್‌ಡಿಎಂಸಿಯವರಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಪಾಲಕರಿಗೆ, ಬರೆದದ್ದು.

ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ. ಹೊರಗಿನವರು ವಾರಕ್ಕೊಮ್ಮೆ ಬಂದು ಮಾಡಿಸುವ ಧ್ಯಾನ ಈ ಶಾಲೆಗಳಲ್ಲಿ ನಿಲ್ಲುವುದಿಲ್ಲ. ಬಸ್ಸು ತಪ್ಪಿದ ವಾರ ಅಭ್ಯಾಸವೂ ತಪ್ಪುತ್ತದೆ, ಮಕ್ಕಳ ಪಾಲಿಗೆ ಅದು ಅತಿಥಿಯ ಕಾರ್ಯಕ್ರಮವಾಗಿಯೇ ಉಳಿಯುತ್ತದೆ. ಉಳಿದು ಬೆಳೆಯುವುದು ತರಗತಿಯ ಶಿಕ್ಷಕಿ ತನ್ನದೇ ದನಿಯಲ್ಲಿ, ದಿನವೂ ಒಂದೇ ಹೊತ್ತಿಗೆ, ಒತ್ತಾಯವಿಲ್ಲದೆ ಮಾಡಿಸುವ ಸಣ್ಣ ಅಭ್ಯಾಸ. ಮುಂದಿನ ಪ್ರತಿ ಹೆಜ್ಜೆಯೂ ಈ ಒಂದು ಮಾತಿನಿಂದ ಹುಟ್ಟಿದ್ದು.

ಏನು ಆಗುತ್ತದೆ, ಏನು ಆಗುವುದಿಲ್ಲ

ಅಂಕ ಏರುತ್ತದೆ, ಫಲಿತಾಂಶ ಸುಧಾರಿಸುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ. ಬ್ರಿಟನ್ನಿನ 85 ಶಾಲೆಗಳಲ್ಲಿ, ಹನ್ನೊಂದು ದಾಟಿದ 8 ಸಾವಿರಕ್ಕೂ ಹೆಚ್ಚು ಮಕ್ಕಳ ಜೊತೆ ನಡೆದ ಮಿರಿಯಡ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2022ರಲ್ಲಿ ಹೊರಬಂತು. ಶಾಲೆಯಲ್ಲಿ ಮೊದಲಿನಿಂದ ಇದ್ದ ಪಾಠಕ್ಕಿಂತ ಧ್ಯಾನದ ಪಾಠದಿಂದ ಮಕ್ಕಳ ಮಾನಸಿಕ ಆರೋಗ್ಯಕ್ಕೆ ಹೆಚ್ಚಿನ ಲಾಭ ಕಾಣಲಿಲ್ಲ. ಬಹುತೇಕ ಮಕ್ಕಳು ಪಾಠದ ಹೊರಗೆ ಅಭ್ಯಾಸ ಮಾಡಿರಲೇ ಇಲ್ಲ. ಆದರೆ ಶಿಕ್ಷಕರ ದಣಿವು ಸ್ವಲ್ಪ ಕಾಲ ಕಡಿಮೆಯಾಗಿತ್ತು. ಈ ಫಲಿತಾಂಶವನ್ನು ಮುಚ್ಚಿಡದೆ ಓದಿದರೆ ನಮಗೆ ಮೂರು ಪಾಠ ಸಿಗುತ್ತವೆ: ಇದನ್ನು ಪಾಠದ ವಿಷಯ ಮಾಡಬಾರದು, ಶಿಕ್ಷಕರಿಂದ ಶುರು ಮಾಡಬೇಕು, ಬೇಡವೆನ್ನುವ ಮಗುವಿಗೆ ದಾರಿ ಇರಬೇಕು.

ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರ ಜುಲೈನಲ್ಲಿ ಶುರುವಾದ ಹ್ಯಾಪಿನೆಸ್ ಪಠ್ಯಕ್ರಮದಲ್ಲಿ ಪ್ರತಿ ತರಗತಿಯೂ ಕೆಲವೇ ನಿಮಿಷದ ಗಮನದ ಅಭ್ಯಾಸದಿಂದ ತೆರೆದುಕೊಳ್ಳುತ್ತಿತ್ತು. ಅಲ್ಲಿಂದ ನಾವು ತೆಗೆದುಕೊಳ್ಳಬೇಕಾದ್ದು ಆ ಅಳತೆಯನ್ನು. ಗಂಟೆಗಟ್ಟಲೆ ಕೂರಿಸುವ ಅಗತ್ಯವೇ ಇಲ್ಲ.

ಇನ್ನೊಂದು. ಶಿಕ್ಷಕರಿಲ್ಲದ ಶಾಲೆಗೆ, ಶೌಚಾಲಯದಲ್ಲಿ ನೀರಿಲ್ಲದ ಶಾಲೆಗೆ ಧ್ಯಾನ ಮದ್ದಲ್ಲ. ಅಂಥ ಕೊರತೆ ಕಂಡರೆ ಅದನ್ನು ಮೊದಲು ಎಸ್‌ಡಿಎಂಸಿ ಸಭೆಯಲ್ಲಿ ಎತ್ತಿ. ಹಸಿದ ಮಗುವಿಗೆ ಉಸಿರು ನೋಡು ಅನ್ನುವುದು ತಪ್ಪು.

ಅನುಮತಿ: ಯಾರ ಹತ್ತಿರ, ಯಾವ ಕ್ರಮದಲ್ಲಿ

ಒಂದೇ ಶಾಲೆಯಾದರೂ ಬಿಇಒ (ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಲಿಖಿತ ಅನುಮತಿ ಇಲ್ಲದೆ ಕಾಲಿಡಬೇಡಿ. ಒಂದಕ್ಕಿಂತ ಹೆಚ್ಚು ತಾಲ್ಲೂಕುಗಳಲ್ಲಿ ಕೆಲಸ ಮಾಡುವುದಿದ್ದರೆ ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು) ಕಚೇರಿಗೆ ಹೋಗಬೇಕು. ಅರ್ಜಿ ಒಂದೇ ಪುಟವಿರಲಿ. ಅದರಲ್ಲಿ ಶಾಲೆಗಳ ಹೆಸರು ಮತ್ತು ಡೈಸ್ ಸಂಖ್ಯೆ (ಪ್ರತಿ ಶಾಲೆಗೂ ಇರುವ ಸರ್ಕಾರಿ ಗುರುತಿನ ಸಂಖ್ಯೆ), ಯಾವ ತರಗತಿಗಳು, ದಿನಕ್ಕೆ ಎಷ್ಟು ನಿಮಿಷ, ಯಾರು ಮಾಡಿಸುತ್ತಾರೆ, ಹೊರಗಿನಿಂದ ಬರುವವರ ಹೆಸರು ಮತ್ತು ಗುರುತಿನ ಚೀಟಿಯ ಪ್ರತಿ ಇರಬೇಕು. ಕೊನೆಗೆ ನಾಲ್ಕು ಸಾಲು ತಪ್ಪದೆ ಬರೆಯಿರಿ: ಶುಲ್ಕವಿಲ್ಲ, ಯಾವುದೇ ಧರ್ಮ, ಪಂಥ, ಗುರುವಿನ ಪ್ರಚಾರವಿಲ್ಲ, ಮಕ್ಕಳ ಫೋಟೋ, ವಿಡಿಯೋ ತೆಗೆಯುವುದಿಲ್ಲ, ಭಾಗವಹಿಸುವುದು ಕಡ್ಡಾಯವಲ್ಲ. ಈ ನಾಲ್ಕು ಸಾಲು ಕಂಡರೆ ಅಧಿಕಾರಿಗೆ ಸಹಿ ಹಾಕುವುದು ಸುಲಭ, ಮುಂದೆ ಯಾರಾದರೂ ಪ್ರಶ್ನೆ ಎತ್ತಿದಾಗ ಮುಖ್ಯೋಪಾಧ್ಯಾಯರಿಗೂ ಆಸರೆ.

ಅನುಮತಿ ಬಂದ ಮೇಲೆ ಸಿಆರ್‌ಪಿಯವರನ್ನು, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯನ್ನು, ಕಾಣಿ. ಕ್ಲಸ್ಟರಿನ ಯಾವ ಶಾಲೆಯಲ್ಲಿ ಯಾವ ಶಿಕ್ಷಕರಿಗೆ ಇಂಥದ್ದರಲ್ಲಿ ಒಲವಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಶಾಲೆ ಆರಿಸುವಾಗ ಕಟ್ಟಡ ನೋಡುವುದಕ್ಕಿಂತ ಮುಖ್ಯೋಪಾಧ್ಯಾಯರನ್ನು ನೋಡಿ. ಮೊದಲ ವರ್ಷಕ್ಕೆ ಮೂರು ಶಾಲೆ ಸಾಕು. ಹತ್ತು ಶಾಲೆ ಹಿಡಿದವರು ನವೆಂಬರ್ ಹೊತ್ತಿಗೆ ಯಾವ ಶಾಲೆಗೂ ಸರಿಯಾಗಿ ಹೋಗಲಾಗದೆ ಸೋಲುತ್ತಾರೆ.

ಆಮೇಲೆ ಎಸ್‌ಡಿಎಂಸಿ ಸಭೆ. ಅಲ್ಲಿ ಭಾಷಣ ಬೇಡ. ಪಾಲಕರನ್ನೇ ಮೂರು ನಿಮಿಷ ಕೂರಿಸಿ, ಮಕ್ಕಳಿಗೆ ಏನು ಹೇಳುತ್ತೀರೋ ಅದನ್ನೇ ಹೇಳಿ ಮಾಡಿಸಿ. ಕಣ್ಣಾರೆ ಕಂಡ ಮೇಲೆ ಅನುಮಾನ ಉಳಿಯುವುದು ಕಡಿಮೆ. ಒಪ್ಪಿಗೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಪಾಲಕರ ಒಪ್ಪಿಗೆ ಪತ್ರದಲ್ಲಿ ‘ತಂದೆಯ ಹೆಸರು’ ಎಂಬ ಅಂಕಣ ಇಡಬೇಡಿ. ‘ಮಗುವನ್ನು ನೋಡಿಕೊಳ್ಳುವವರು’ ಎಂದಿರಲಿ. ಗುಳೆ ಹೋದವರ ಮಕ್ಕಳ ಪತ್ರಕ್ಕೆ ಅಜ್ಜಿಯ ಹೆಬ್ಬೆಟ್ಟು ಬೀಳುತ್ತದೆ; ದೇವದಾಸಿ ಪದ್ಧತಿಗೆ ಸಿಕ್ಕ ತಾಯಂದಿರ ಮಕ್ಕಳಿಗೆ ತಂದೆಯ ಹೆಸರಿನ ಅಂಕಣವೇ ಒಂದು ಗಾಯ. ಒಂದು ಸಣ್ಣ ಅಂಕಣ ಮಗುವನ್ನು ಮೊದಲ ದಿನವೇ ಕುಗ್ಗಿಸಬಾರದು.

ಧರ್ಮದ ಪ್ರಶ್ನೆಯನ್ನು ಮೊದಲೇ ಬಗೆಹರಿಸಿಕೊಳ್ಳುವುದು

ಪೂರ್ತಿಯಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. 2022ರ ನವೆಂಬರ್‌ನಲ್ಲಿ ರಾಜ್ಯದ ಶಾಲೆಗಳಲ್ಲಿ ದಿನಕ್ಕೆ 10 ನಿಮಿಷ ಧ್ಯಾನ ಮಾಡಿಸುವ ಮಾತು ಸರ್ಕಾರದ ಮಟ್ಟದಲ್ಲಿ ಬಂದಾಗ ಪರ ವಿರೋಧ ಎರಡೂ ಎದ್ದಿದ್ದವು. ಹಾಗಾಗಿ ಅಭ್ಯಾಸದಲ್ಲಿ ಓಂಕಾರ, ಮಂತ್ರ, ಶ್ಲೋಕ, ವಚನ ಪಠಣ, ದೀಪ, ಊದುಬತ್ತಿ, ಯಾವ ಗುರುವಿನ ಪಟವೂ ಬೇಡ. ಪದ್ಮಾಸನದ ಹಟವೂ ಬೇಡ, ಚಿನ್ಮುದ್ರೆಯೂ ಬೇಡ. ಇವು ಕೆಟ್ಟವೆಂದಲ್ಲ, ಇವುಗಳ ಜಾಗ ಮನೆ ಮತ್ತು ಮಠ.

ನಮ್ಮ ಜಿಲ್ಲೆಯ ತರಗತಿಯಲ್ಲಿ ಇಷ್ಟಲಿಂಗ ಪೂಜೆ ನೋಡಿದ ಮಗು, ನಮಾಜು ಕಲಿತ ಮಗು, ಭಾನುವಾರ ಚರ್ಚಿಗೆ ಹೋಗುವ ಮಗು, ತಾಂಡಾದಿಂದ ಬಂದ ಮಗು ಒಂದೇ ಸಾಲಿನಲ್ಲಿ ಕೂತಿರುತ್ತವೆ. ಮುದಗಲ್ಲಿನ ಮೊಹರಂಗೆ ಎಲ್ಲ ಜಾತಿಯವರೂ ಸೇರುವ ಸೀಮೆ ಇದು. ಉಸಿರು, ಶಬ್ದ, ಕಾಲಡಿಯ ನೆಲ ಇಷ್ಟನ್ನೇ ಇಟ್ಟುಕೊಂಡರೆ ಯಾವ ಮನೆಯವರಿಗೂ ತಕರಾರಿರುವುದಿಲ್ಲ. ‘ಧ್ಯಾನ’ ಎಂಬ ಪದದ ಬಗ್ಗೆಯೇ ಅನುಮಾನವಿರುವ ಊರಲ್ಲಿ ‘ಸುಮ್ಮನೆ ಕೂರುವ ಹೊತ್ತು’ ಎಂದು ಕರೆಯಿರಿ. ಉರ್ದು ಮಾಧ್ಯಮದ ಶಾಲೆಯಲ್ಲಿ ಉರ್ದುವಿನಲ್ಲೇ, ಗಡಿ ಕಡೆಯ ಊರುಗಳಲ್ಲಿ ಮಕ್ಕಳಿಗೆ ತೆಲುಗು ಹತ್ತಿರವಿದ್ದರೆ ಎರಡು ಮಾತು ತೆಲುಗಿನಲ್ಲೂ ಹೇಳಬಹುದು.

ಹೊತ್ತು ಮತ್ತು ಜಾಗ

ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಮಾಡಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಮತ್ತು ಅದೇ ದೊಡ್ಡ ತಪ್ಪು. ಬಿಸಿಲಲ್ಲಿ ನಿಂತ ಇನ್ನೂರು ಮಕ್ಕಳು ಕಣ್ಣು ಮುಚ್ಚಿದರೆ ಇಬ್ಬರಾದರೂ ತಲೆ ಸುತ್ತಿ ಬೀಳುತ್ತಾರೆ. ರಕ್ತಹೀನತೆ ಇರುವ, ಬರಿ ಹೊಟ್ಟೆಯಲ್ಲಿ ಬಂದ ಮಕ್ಕಳಿಗೆ ಇದು ಇನ್ನೂ ಕಷ್ಟ. ಕೂತೇ ಮಾಡಬೇಕು, ತರಗತಿಯೊಳಗೇ ಮಾಡಬೇಕು, ಬೆಳಗಿನ ಹಾಲು ಅಥವಾ ರಾಗಿ ಮಾಲ್ಟ್ ಕುಡಿದ ಮೇಲೆ ಮಾಡಬೇಕು. ಮೊದಲ ಪೀರಿಯಡ್‌ನಲ್ಲಿ ಹಾಜರಿ ಕೂಗಿದ ಕೂಡಲೇ ಮಾಡಿಸುವುದು ಅತ್ಯಂತ ಒಳ್ಳೆಯ ಹೊತ್ತು.

ಬಿಸಿಯೂಟ ಆದ ಕೂಡಲೇ ಬೇಡ. ಹೊಟ್ಟೆ ತುಂಬಿದ ಮಕ್ಕಳು ಮಲಗುತ್ತಾರೆ. ಮಧ್ಯಾಹ್ನವೂ ಬೇಕೆನಿಸಿದರೆ ಆಟ ಮುಗಿದು ಕೈಕಾಲು ತೊಳೆದು ಒಳಗೆ ಬಂದ ಮೇಲೆ, ಕಣ್ಣು ತೆರೆದೇ ಒಂದು ನಿಮಿಷ ಶಬ್ದ ಕೇಳಿಸಿಕೊಳ್ಳುವ ಅಭ್ಯಾಸ ಮಾಡಿಸಿ. ಮಾರ್ಚ್ ನಂತರದ ಸೆಕೆಯಲ್ಲಿ ತಗಡಿನ ಚಾವಣಿಯ ಕೋಣೆಯಲ್ಲಿ ಮಧ್ಯಾಹ್ನದ ಅಭ್ಯಾಸವನ್ನು ಪೂರ್ತಿ ಬಿಡಿ. ಬೆಂಚಿದ್ದರೆ ಬೆಂಚಿನ ಮೇಲೆ, ಇಲ್ಲದಿದ್ದರೆ ಜಮಖಾನೆಯ ಮೇಲೆ. ಬರಿ ಪರಸಿ ಕಲ್ಲಿನ ಮೇಲೆ ಡಿಸೆಂಬರ್ ಚಳಿಯಲ್ಲಿ ಕೂರಿಸಬೇಡಿ. ಬಾಗಿಲು ತೆರೆದಿರಲಿ, ಹೊರಗೆ ಹೋಗಬೇಕೆನಿಸಿದ ಮಗುವಿಗೆ ದಾರಿ ಕಾಣುತ್ತಿರಬೇಕು.

ಒಂದರಿಂದ ಮೂರನೇ ತರಗತಿಯ ನಲಿಕಲಿ ಮಕ್ಕಳಿಗೆ 2 ನಿಮಿಷ, ನಾಲ್ಕು ಐದನೇ ತರಗತಿಗೆ 3, ಆರರಿಂದ ಎಂಟಕ್ಕೆ 5, ಪ್ರೌಢಶಾಲೆಗೆ 7 ನಿಮಿಷ. ‘ಇನ್ನೂ ಬೇಕು’ ಎಂದು ಮಕ್ಕಳೇ ಕೇಳಿದರೂ ಮೊದಲ ಎರಡು ತಿಂಗಳು ಇದನ್ನು ಮೀರಬೇಡಿ. ಒಬ್ಬರೇ ಶಿಕ್ಷಕರು ಮೂರು ತರಗತಿ ನೋಡುವ ಕಡೆ ಎಲ್ಲರಿಗೂ ಚಿಕ್ಕವರ ಅಳತೆಯೇ ಇರಲಿ.

ಬೇಕಾಗುವ ಸಾಮಾನು

ಹೆಚ್ಚೇನೂ ಬೇಡ. ಶಬ್ದ ಹೊರಡಿಸಲು ಒಂದು ಸ್ಟೀಲ್ ತಟ್ಟೆ. ಅಂಚಿನಲ್ಲಿ ಒಂದು ತೂತು ಕೊರೆದು ದಾರ ಕಟ್ಟಿ ಎತ್ತಿ ಹಿಡಿದು, ಮರದ ಸ್ಕೇಲಿನಿಂದ ಮೆಲ್ಲಗೆ ಹೊಡೆದರೆ ದನಿ ತೆಳ್ಳಗೆ ಎಳೆದುಕೊಂಡು ಹೋಗಿ ಕರಗುತ್ತದೆ. ಕೈಯಲ್ಲಿ ಅಂಚು ಹಿಡಿದರೆ ದನಿ ಸತ್ತುಹೋಗುತ್ತದೆ, ಹಾಗಾಗಿ ದಾರ ಮುಖ್ಯ. ಪೂಜೆಯ ಗಂಟೆ ಬೇಡ, ಕಾರಣ ಮೇಲೆ ಹೇಳಿದೆ. ಮೊಬೈಲಿನ ಆಡಿಯೋ ಕೂಡ ಬೇಡ: ಚಾರ್ಜು ಇರುವುದಿಲ್ಲ, ಸ್ಪೀಕರು ಸಾಲದು, ಬೇರೆ ಸೀಮೆಯ ಉಚ್ಚಾರಕ್ಕೆ ಮಕ್ಕಳು ನಗುತ್ತಾರೆ.

ನಾಲ್ಕನೇ ತರಗತಿ ಮೇಲಿನವರಿಗೆ ತಲಾ 10 ಹುಣಸೆ ಬೀಜ. ಮಕ್ಕಳೇ ತರುತ್ತಾರೆ. ತೊಳೆದು ಒಣಗಿಸಿ ಡಬ್ಬಿಯಲ್ಲಿಡಿ. ಚಿಕ್ಕವರಿಗೆ ಕೊಡಬೇಡಿ, ಮೂಗಿಗೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಇದರ ಜೊತೆ ಶಿಕ್ಷಕರಿಗೆ ಒಂದು ಲ್ಯಾಮಿನೇಟ್ ಮಾಡಿದ ಕಾರ್ಡು, ಒಂದು ಕಡೆ ಹೇಳಬೇಕಾದ ಮಾತು, ಇನ್ನೊಂದು ಕಡೆ ಸಹಾಯವಾಣಿ ಸಂಖ್ಯೆಗಳು. ಪ್ರತಿ ತರಗತಿಗೆ ಒಂದು 100 ಪುಟದ ನೋಟುಬುಕ್ಕು. ನಿಜವಾದ ಖರ್ಚು ಬಸ್ ಚಾರ್ಜಿನದು, ಬಜೆಟ್ ಮಾಡುವಾಗ ಅದನ್ನೇ ಸರಿಯಾಗಿ ಲೆಕ್ಕ ಹಾಕಿ.

ಶಿಕ್ಷಕರಿಂದ ಶುರು: ನಾಲ್ಕು ವಾರ

ಮಕ್ಕಳ ಮುಂದೆ ಹೋಗುವ ಮೊದಲು ಶಿಕ್ಷಕರು ನಾಲ್ಕು ವಾರ ತಾವೇ ಮಾಡಬೇಕು. ಎಸ್‌ಎಟಿಎಸ್‌ನಲ್ಲಿ (ವಿದ್ಯಾರ್ಥಿಗಳ ವಿವರದ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ಮಾಹಿತಿ ತುಂಬುವುದು, ಮೊಟ್ಟೆಯ ಲೆಕ್ಕ, ಚುನಾವಣೆಯ ಕೆಲಸ, ಇಷ್ಟರ ನಡುವೆ ‘ಇನ್ನೊಂದು ಕಾರ್ಯಕ್ರಮ’ ಎಂದರೆ ಅವರ ಮುಖ ಬಾಡುವುದು ಸಹಜ. ಹಾಗಾಗಿ ಇದನ್ನು ಅವರಿಗೆ ಮೊದಲು ಸಿಗುವ ವಿಶ್ರಾಂತಿಯಾಗಿ ಕೊಡಿ. ದಿನಕ್ಕೆ 5 ನಿಮಿಷ, ಸ್ಟಾಫ್ ರೂಮಿನಲ್ಲಿ, ಕುರ್ಚಿಯ ಮೇಲೆ ಕೂತು. ವಾರಕ್ಕೊಮ್ಮೆ ನೀವು ಹೋಗಿ ಅರ್ಧ ಗಂಟೆ ಮಾತಾಡಿ.

ಮೊದಲ ವಾರ ಶಬ್ದ ಕೇಳುವುದು, ಎರಡನೇ ವಾರ ಉಸಿರು, ಮೂರನೇ ವಾರ ಕಾಲಿಂದ ತಲೆವರೆಗೆ ಮೈಯ ಒಂದೊಂದು ಭಾಗ ಗಮನಿಸುವುದು, ನಾಲ್ಕನೇ ವಾರ ಒಬ್ಬರು ಇನ್ನೊಬ್ಬರಿಗೆ ಮಾಡಿಸುವುದು. ನಾಲ್ಕನೇ ವಾರವೇ ಎಲ್ಲಕ್ಕಿಂತ ಮುಖ್ಯ, ಅದನ್ನು ಬಿಡಬೇಡಿ. ಪಾಠದ ದನಿ ಬೇರೆ, ಈ ಹೊತ್ತಿನ ದನಿ ಬೇರೆ ಎಂಬುದು ಸಹೋದ್ಯೋಗಿಯ ಮುಂದೆ ಹೇಳಿ ನೋಡಿದಾಗ ಮಾತ್ರ ಗೊತ್ತಾಗುತ್ತದೆ. ಮೂರು ಶಾಲೆಯ ಶಿಕ್ಷಕರನ್ನು ಒಟ್ಟಿಗೆ ಸೇರಿಸಬೇಕಾದರೆ ಕ್ಲಸ್ಟರ್ ಸಭೆಯ ದಿನ ಒಂದು ಗಂಟೆ ಕೇಳಿಕೊಳ್ಳಿ, ಬೇರೆ ದಿನ ಕರೆದರೆ ಶಾಲೆ ಖಾಲಿಯಾಗುತ್ತದೆ. ಬೇಡವೆಂದ ಶಿಕ್ಷಕರನ್ನು ಒತ್ತಾಯಿಸಬೇಡಿ. ಅತಿಥಿ ಶಿಕ್ಷಕರನ್ನು ಖಂಡಿತ ಸೇರಿಸಿಕೊಳ್ಳಿ, ಆದರೆ ಪ್ರತಿ ಶಾಲೆಯಲ್ಲಿ ಒಬ್ಬರಾದರೂ ಕಾಯಂ ಶಿಕ್ಷಕರು ಕಲಿತಿರಬೇಕು.

ತರಗತಿಯಲ್ಲಿ ಹೇಳಬೇಕಾದ ಮಾತು

ಗ್ರಂಥದ ಭಾಷೆ ಬೇಡ. ‘ದೀರ್ಘವಾಗಿ ಉಚ್ಛ್ವಾಸ ನಿಶ್ವಾಸ ಮಾಡಿ’ ಎಂದರೆ ಮಕ್ಕಳು ಪರೀಕ್ಷೆ ಬಂತು ಎಂದುಕೊಳ್ಳುತ್ತಾರೆ. ಮನೆಯ ಮಾತಿನಲ್ಲಿ ಹೀಗೆ:

“ಬ್ಯಾಗು ಕೆಳಗ ಇಡ್ರಿ. ಆರಾಮ ಕುಂದರ್ರಿ. ಕಣ್ಣು ಮುಚ್ಚಬೇಕನಿಸಿದ್ರ ಮುಚ್ಚರಿ, ಇಲ್ಲಾಂದ್ರ ಮುಂದಿನ ನೆಲ ನೋಡ್ರಿ. ಈಗ ತಾಟು ಹೊಡಿತೀನಿ. ದನಿ ಪೂರ್ತಿ ಹೋಗೋ ತನಕ ಕೇಳ್ರಿ.”

ತಟ್ಟೆ ಹೊಡೆಯಿರಿ. ದನಿ ಕರಗಿದ ಮೇಲೂ ಐದು ಎಣಿಸುವಷ್ಟು ಹೊತ್ತು ಮಾತಾಡಬೇಡಿ. ಆಮೇಲೆ:

“ಒಂದು ಕೈ ಹೊಟ್ಟಿ ಮ್ಯಾಲ ಇಡ್ರಿ. ಉಸಿರು ಒಳಗ ಹೋದಾಗ ಹೊಟ್ಟಿ ಉಬ್ಬತೈತಿ, ಹೊರಗ ಬಂದಾಗ ಇಳಿತೈತಿ. ನೀವೇನೂ ಮಾಡಬ್ಯಾಡ್ರಿ, ಸುಮ್ಮ ನೋಡ್ರಿ. ಮನಸು ಎಲ್ಲೋ ಹೋತು? ಹೋಗ್ಲಿ. ಹೊಲಕ್ಕ ಹೋಗಿರಬೇಕು, ಊರಿಗೆ ಹೋಗಿರಬೇಕು. ಮತ್ತ ಕೈ ಹತ್ರ ಕರಕೊಂಡು ಬರ್ರಿ.”

ಇಷ್ಟೇ. ಕೊನೆಯಲ್ಲಿ ಇನ್ನೊಮ್ಮೆ ತಟ್ಟೆ, “ಕೈಬೆರಳು ಆಡಸ್ರಿ, ಕಣ್ಣು ತಗೀರಿ”. ಆದ ಮೇಲೆ ‘ಹೇಗಿತ್ತು’ ಎಂದು ಒಬ್ಬೊಬ್ಬರನ್ನೂ ಕೇಳಬೇಡಿ, ಮಕ್ಕಳು ಶಿಕ್ಷಕರಿಗೆ ಇಷ್ಟವಾಗುವ ಉತ್ತರ ಹುಡುಕಲು ಶುರು ಮಾಡುತ್ತಾರೆ. ನೇರ ಪಾಠಕ್ಕೆ ಹೋಗಿ.

ಎರಡು ವಾರದ ನಂತರ ದೊಡ್ಡ ಮಕ್ಕಳಿಗೆ ಬೀಜ ಕೊಡಿ. ಹತ್ತೂ ಎಡಗೈಯಲ್ಲಿರಲಿ. ಒಂದು ಉಸಿರು ಹೊರಗೆ ಹೋದಾಗ ಒಂದು ಬೀಜ ಬಲಗೈಗೆ. ನುಣುಪು, ತಂಪು, ಅಂಚಿನ ಗೆರೆ ಬೆರಳಿಗೆ ತಾಗುತ್ತಾ ಗಮನ ತಾನಾಗಿ ಅಲ್ಲಿ ನಿಲ್ಲುತ್ತದೆ. ಹತ್ತು ಮುಗಿದವರು ತಿರುಗಿ ಎಡಕ್ಕೆ ತರುತ್ತಾರೆ. ‘ಯಾರು ಮೊದಲು ಮುಗಿಸಿದರು’ ಎಂಬ ಪ್ರಶ್ನೆ ತರಗತಿಯಲ್ಲಿ ಎದ್ದೇ ಏಳುತ್ತದೆ. ಆಗ ನಿಧಾನವಾದವರೇ ಸರಿ ಎಂದೂ ಹೇಳಬೇಡಿ, ಅದೂ ಪಂದ್ಯವೇ ಆಗುತ್ತದೆ. ‘ಇದರಾಗ ಮೊದಲು, ಕೊನಿ ಇಲ್ಲ’ ಎಂದಷ್ಟೇ ಹೇಳಿ ಮುಂದೆ ಹೋಗಿ.

ಉಸಿರಿನ ಬಗ್ಗೆ ಒಂದು ಎಚ್ಚರ. ಉಸಿರು ಹಿಡಿಯುವುದು, ವೇಗವಾಗಿ ಬಿಡುವುದು, ಕಪಾಲಭಾತಿ, ಭಸ್ತ್ರಿಕಾ ಯಾವುದೂ ಇಲ್ಲಿ ಬೇಡ. ವೇಗವಾಗಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ಜೋಮು ಹಿಡಿಯುತ್ತವೆ. ಉಬ್ಬಸ, ಮೂರ್ಛೆರೋಗ ಇರುವ ಮಕ್ಕಳಿಗೆ ಅಪಾಯ. ತುಂಬಾ ಗಾಬರಿಯಾದ ಮಗುವಿಗೆ ಮಾತ್ರ 3 ಎಣಿಸುತ್ತ ಒಳಗೆ, 5 ಎಣಿಸುತ್ತ ಹೊರಗೆ ಎಂದು ಹೇಳಿಕೊಡಬಹುದು. ಉಸಿರು ನಿಧಾನವಾಗಿ ಹೊರಗೆ ಹೋಗುವಾಗ ವೇಗಸ್ ನರದ ಮೂಲಕ ಎದೆಬಡಿತ ತುಸು ಇಳಿಯುತ್ತದೆ, ಗುಟ್ಟು ಅಷ್ಟೇ.

ಎಲ್ಲಿ ತಪ್ಪುತ್ತದೆ

ಧ್ಯಾನವನ್ನು ಶಿಕ್ಷೆಯಾಗಿ ಬಳಸುವುದು ಎಲ್ಲಕ್ಕಿಂತ ಕೆಟ್ಟ ತಪ್ಪು. ‘ಗಲಾಟಿ ಮಾಡ್ತಿಯಾ? ಹೋಗಿ ಕಣ್ಣು ಮುಚ್ಚಿ ಕುಂದ್ರು’ ಎಂದು ಒಮ್ಮೆ ಹೇಳಿದರೆ ಎರಡು ತಿಂಗಳ ಕೆಲಸ ಅಲ್ಲಿಗೇ ಮುಗಿಯಿತು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ, ಮಗು ಭಯ ಆತಂಕಗಳಿಲ್ಲದೆ ಕಲಿಯಬೇಕು ಎಂದು 29ನೇ ಸೆಕ್ಷನ್ ಹೇಳುತ್ತದೆ. ಬೆತ್ತ ಮೇಜಿನ ಮೇಲಿಟ್ಟುಕೊಂಡು ಮಾಡಿಸುವ ಮೌನಕ್ಕೆ ಧ್ಯಾನವೆನ್ನಲಾಗದು. ಶಿಕ್ಷಕರ ತರಬೇತಿಯಲ್ಲಿ ಇದನ್ನು ಮುಲಾಜಿಲ್ಲದೆ ಹೇಳಬೇಕು.

ಕಣ್ಣು ಮುಚ್ಚಲು ಒತ್ತಾಯಿಸುವುದು ಎರಡನೆಯದು. ಮನೆಯಲ್ಲಿ ಹೊಡೆತ ಕಂಡ, ಅಥವಾ ಇನ್ನೂ ಕೆಟ್ಟದ್ದನ್ನು ಕಂಡ ಮಗುವಿಗೆ ಕಣ್ಣು ಮುಚ್ಚಿದ ಕೂಡಲೇ ಅದೇ ಎದುರು ಬರಬಹುದು. ಬೆನ್ನು ಸರಿಮಾಡಲು ಹಿಂದಿನಿಂದ ಮುಟ್ಟುವುದೂ ಬೇಡ. ಮಾಡುವುದೇ ಬೇಡ ಎನ್ನುವ ಮಗು ಚಿತ್ರ ಬಿಡಿಸುತ್ತಾ ಕೂರಲಿ, ಬೇರೆಯವರಿಗೆ ತೊಂದರೆ ಕೊಡದಿದ್ದರೆ ಸಾಕು.

ನಗು ಬರುತ್ತದೆ. ಮೊದಲ ವಾರ ಯಾರೋ ಒಬ್ಬರು ಕಿಸಕ್ಕೆಂದರೆ ಇಡೀ ಕೋಣೆ ನಗುತ್ತದೆ. ಬಯ್ಯದೆ ‘ನಗು ಬಂತಾ, ನಕ್ಕು ಮುಗಸ್ರಿ’ ಎಂದು ಅರ್ಧ ನಿಮಿಷ ಬಿಟ್ಟು ಮತ್ತೆ ತಟ್ಟೆ ಹೊಡೆಯಿರಿ. ನಿದ್ದೆ ಬಂದ ಮಗುವನ್ನು ಎಬ್ಬಿಸಬೇಡಿ, ನೋಟುಬುಕ್ಕಿನಲ್ಲಿ ಗುರುತು ಹಾಕಿ. ವಾರದಲ್ಲಿ ಮೂರು ಸಲ ಅದೇ ಮಗು ಮಲಗಿದರೆ ಅದರ ರಾತ್ರಿ ಹೇಗೆ ಕಳೆಯುತ್ತಿದೆ, ಬೆಳಗ್ಗೆ ಏನು ತಿಂದು ಬರುತ್ತಿದೆ ಎಂದು ವಿಚಾರಿಸಬೇಕು. ಈ ಅಭ್ಯಾಸದ ದೊಡ್ಡ ಉಪಕಾರವೇ ಇದು ಎಂದು ನಮಗನ್ನಿಸುತ್ತದೆ: ದಿನಕ್ಕೆ ಐದು ನಿಮಿಷ ಶಿಕ್ಷಕಿ ಪಾಠ ಮಾಡದೆ ಮಕ್ಕಳ ಮುಖ ನೋಡುತ್ತಾಳೆ.

ಮಗು ಅತ್ತರೆ

ಒಂದಲ್ಲ ಒಂದು ದಿನ ಅಳುತ್ತದೆ, ಸಿದ್ಧರಾಗಿರಿ. ಅಭ್ಯಾಸವನ್ನು ಗಾಬರಿಯಿಂದ ನಿಲ್ಲಿಸಬೇಡಿ. ಹತ್ತಿರ ಹೋಗಿ, ಮುಟ್ಟದೆ, ಮೆಲ್ಲಗೆ ‘ಕಣ್ಣು ತಗಿ, ನೆಲದ ಮ್ಯಾಲ ಕಾಲು ಒತ್ತು’ ಎನ್ನಿ. ಬೇಕಿದ್ದರೆ ಗೆಳತಿಯ ಜೊತೆ ನೀರು ಕುಡಿದು ಬರಲಿ. ಎಲ್ಲರ ಎದುರು ಕಾರಣ ಕೇಳಬೇಡಿ. ಬಿಡುವಿನಲ್ಲಿ, ಬೇರೆಯವರಿಗೆ ಕಾಣುವಂಥ ಆದರೆ ಕೇಳಿಸದಂಥ ಜಾಗದಲ್ಲಿ ಕೂತು ‘ಹೇಳಬೇಕನಿಸಿದ್ರ ಹೇಳು’ ಎನ್ನಿ.

ಹೇಳಿದ್ದು ಲೈಂಗಿಕ ದೌರ್ಜನ್ಯದ ವಿಷಯವಾದರೆ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬಾರದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಗು ಹೇಳಿದ ಮಾತನ್ನು ಅದರದೇ ಪದಗಳಲ್ಲಿ ಬರೆದಿಡಿ, ಮೇಲಿಂದ ಮೇಲೆ ಪ್ರಶ್ನೆ ಹಾಕಬೇಡಿ. ಮಕ್ಕಳ ಸಹಾಯವಾಣಿ 1098. ಬಾಲ್ಯವಿವಾಹದ ಸುಳಿವು ಸಿಕ್ಕರೂ ಇದೇ ಸಂಖ್ಯೆ.

ಅನೇಕ ದಿನ ಮಂಕಾಗಿರುವ, ಊಟ ಬಿಟ್ಟ, ಸಾಯುವ ಮಾತಾಡುವ ಮಗುವಿಗೆ ಧ್ಯಾನ ಹೆಚ್ಚು ಮಾಡಿಸುವುದು ಉತ್ತರವಲ್ಲ. ವೈದ್ಯರು ಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಯಾವ ದಿನ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಬರುತ್ತದೆ ಎಂದು ಜುಲೈನಲ್ಲೇ ಕೇಳಿ ಕಾರ್ಡಿನ ಹಿಂದೆ ಬರೆದಿಟ್ಟುಕೊಳ್ಳಿ. ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್ ಇದೆ. ಅಂದಹಾಗೆ, ಇಂದು ದೇಶದೆಲ್ಲೆಡೆ ಇರುವ ಈ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಪಕ್ಕದ ಬಳ್ಳಾರಿ. 1980ರ ದಶಕದ ಎರಡನೇ ಅರ್ಧದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಬಳ್ಳಾರಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ಕೊಡಬಹುದು ಎಂದು ತೋರಿಸಿತು. ‘ಬಳ್ಳಾರಿ ಮಾದರಿ’ ಎಂಬ ಹೆಸರಲ್ಲೇ ಅದು 1996ರ ರಾಷ್ಟ್ರೀಯ ಯೋಜನೆಗೆ ತಳಹದಿಯಾಯಿತು. ದೊಡ್ಡ ಊರಿನ ತಜ್ಞರು ಬರಲಿ ಎಂದು ಕಾಯದೆ ಇದ್ದ ಜನರಿಗೇ ಕಲಿಸುವ ದಾರಿ ಈ ಸೀಮೆಗೆ ಹೊಸದಲ್ಲ.

ವರ್ಷದ ಲೆಕ್ಕ

ಶಾಲೆ ತೆರೆದ ಕೂಡಲೇ ಹೋಗಬೇಡಿ. ದಾಖಲಾತಿ, ಪುಸ್ತಕ, ಹಿಂದಿನ ತರಗತಿಯ ಕಲಿಕೆ ಸರಿದೂಗಿಸುವ ಸೇತುಬಂಧದ ಗಡಿಬಿಡಿ ಇರುತ್ತದೆ. ಜೂನ್‌ನಲ್ಲಿ ಅನುಮತಿ ಮತ್ತು ಎಸ್‌ಡಿಎಂಸಿ ಸಭೆ, ಜುಲೈಯಲ್ಲಿ ಶಿಕ್ಷಕರ ನಾಲ್ಕು ವಾರ, ಆಗಸ್ಟ್ 15ರ ಮರುವಾರದಿಂದ ಮಕ್ಕಳ ಜೊತೆ. ದಸರಾ ರಜೆಯವರೆಗೆ ಸುಮಾರು ಆರು ವಾರ ಸಿಗುತ್ತದೆ. ರಜೆ ಮುಗಿದ ಮೇಲೆ ಮತ್ತೆ ಮೊದಲಿನಿಂದ ಎಂದುಕೊಂಡೇ ಶುರು ಮಾಡಿ, ಎರಡು ನಿಮಿಷದಿಂದ. ಹತ್ತಿ, ಮೆಣಸಿನಕಾಯಿ ಬಿಡಿಸುವ ತಿಂಗಳುಗಳಲ್ಲಿ ಮಕ್ಕಳು ಹೋಗಿಬಂದು ಮಾಡುತ್ತಾರೆ. ಹದಿನೈದು ದಿನ ಬಿಟ್ಟು ಬಂದ ಮಗು ಹಿಂದೆ ಬೀಳದಂಥ ಅಭ್ಯಾಸ ಇದೊಂದೇ, ಅದನ್ನು ಆ ಮಗುವಿಗೂ ಹೇಳಿ. ಫೆಬ್ರವರಿಯ ನಂತರ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪರೀಕ್ಷೆಯ ಭಯವೇ ದೊಡ್ಡದು. ಪ್ರಶ್ನೆಪತ್ರಿಕೆ ಕೈಗೆ ಬರುವ ಮೊದಲು ಕಾಲಡಿಯ ನೆಲ ಗಮನಿಸಿ ಮೂರು ಉಸಿರು ನೋಡುವುದನ್ನು ಪೂರ್ವಸಿದ್ಧತಾ ಪರೀಕ್ಷೆಯಲ್ಲೇ ರೂಢಿ ಮಾಡಿಸಿ.

ಉಪಯೋಗ ಆಗುತ್ತಿದೆಯೇ ಎಂದು ತಿಳಿಯುವುದು

ದೊಡ್ಡ ಪ್ರಶ್ನಾವಳಿ ತುಂಬಿಸಬೇಡಿ. ಎರಡೇ ಅಳತೆ ಸಾಕು. ಒಂದು, ಮಧ್ಯಾಹ್ನದ ಬೆಲ್ ಆದ ಮೇಲೆ ತರಗತಿ ಪಾಠಕ್ಕೆ ಸಿದ್ಧವಾಗಲು ಎಷ್ಟು ನಿಮಿಷ ಬೇಕಾಯಿತು ಎಂದು ವಾರಕ್ಕೆ ಎರಡು ದಿನ ಗಡಿಯಾರ ನೋಡಿ ಬರೆಯುವುದು. ಶುರು ಮಾಡುವ ಎರಡು ವಾರ ಮೊದಲೇ ಬರೆಯಲು ಆರಂಭಿಸಬೇಕು, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಇನ್ನೊಂದು, ತಿಂಗಳಿಗೊಮ್ಮೆ ಹೆಸರಿಲ್ಲದ ಚೀಟಿ: ನಗುವ, ಸುಮ್ಮನಿರುವ, ಬೇಸರದ ಮುಖ, ಒಂದಕ್ಕೆ ಗುರುತು ಹಾಕಿ ಡಬ್ಬಿಗೆ ಹಾಕುವುದು. ಮೂರನೇ ಒಂದು ಭಾಗ ಬೇಸರದ ಮುಖವಿದ್ದರೆ ಹೊತ್ತು ಕಡಿಮೆ ಮಾಡಿ ಅಥವಾ ಆ ತರಗತಿಯಲ್ಲಿ ನಿಲ್ಲಿಸಿ. ಎರಡು ವಿಭಾಗಗಳಿರುವ ಶಾಲೆಯಲ್ಲಿ ಒಂದರಲ್ಲಿ ಆಗಸ್ಟ್‌ಗೆ, ಇನ್ನೊಂದರಲ್ಲಿ ದಸರಾ ನಂತರ ಶುರು ಮಾಡಿದರೆ ಬದಲಾವಣೆ ಅಭ್ಯಾಸದ್ದೋ ಕಾಲದ್ದೋ ಎಂಬುದು ಸ್ವಲ್ಪ ತಿಳಿಯುತ್ತದೆ. ಹಾಜರಿ ಹೆಚ್ಚಿದ್ದನ್ನು ಧ್ಯಾನದ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ಹತ್ತಿ ಮುಗಿದರೆ ಹಾಜರಿ ತಾನಾಗಿಯೇ ಏರುತ್ತದೆ.

ನೀವು ಹೊರಬರುವುದು

ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಶಾಲೆಗೆ ಹೋಗಿ, ಆದರೆ ತರಗತಿಯ ಹಿಂದೆ ಮಕ್ಕಳ ಜೊತೆ ಕೂತು ನೀವೂ ಮಾಡಿ, ಮುಂದೆ ನಿಲ್ಲಬೇಡಿ. ಆಮೇಲೆ ಹದಿನೈದು ದಿನಕ್ಕೊಮ್ಮೆ, ಜನವರಿಯಿಂದ ತಿಂಗಳಿಗೊಮ್ಮೆ. ಕಲಿತ ಶಿಕ್ಷಕಿಗೆ ವರ್ಗವಾದರೆ ಎಲ್ಲ ನಿಂತುಹೋಗುವುದು ಸಾಮಾನ್ಯ. ಅದಕ್ಕೇ ಪ್ರತಿ ಶಾಲೆಯಲ್ಲಿ ಇಬ್ಬರಿಗೆ ಕಲಿಸಬೇಕು, ಕಾರ್ಡು ಮತ್ತು ನೋಟುಬುಕ್ಕು ಮುಖ್ಯೋಪಾಧ್ಯಾಯರ ಕಪಾಟಿನಲ್ಲಿರಬೇಕು. ಎರಡನೇ ವರ್ಷ ಯರಮರಸ್‌ನಲ್ಲಿರುವ ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್‌ಗೆ ನೋಟುಬುಕ್ಕಿನ ಲೆಕ್ಕ ತೋರಿಸಿ, ಭಾವಿ ಶಿಕ್ಷಕರಿಗೆ ನಾಲ್ಕು ವಾರದ ಅಭ್ಯಾಸ ಕೊಡಲು ಸಾಧ್ಯವೇ ಎಂದು ಕೇಳಿ.

ತಟ್ಟೆ ಹೊಡೆಯುವ ಕೆಲಸವನ್ನು ಮೂರನೇ ತಿಂಗಳಿಂದ ಮಕ್ಕಳಿಗೇ ಕೊಡಿ, ಹಾಜರಿ ಪುಸ್ತಕದ ಕ್ರಮದಲ್ಲಿ ದಿನಕ್ಕೊಬ್ಬರಂತೆ. ಜಾಣರಿಗೆ ಮಾತ್ರ, ಮಾನಿಟರ್‌ಗೆ ಮಾತ್ರ ಎಂದಾಗಬಾರದು. ಗುಳೆ ಹೋಗಿ ಬಂದ ಮಗುವಿನ ಸರದಿ ತಪ್ಪಿದ್ದರೆ, ಬಂದ ದಿನವೇ ಸ್ಕೇಲು ಅದರ ಕೈಗೆ ಕೊಡಿ.